ನೀರು ಜಾರಿತು, ಎಣ್ಣೆ ಜಾರಲಿಲ್ಲ: ಕೆಸುವಿನ ಎಲೆಯಿಂದ ಲೇಸರ್ ತಗಡಿನವರೆಗೆ

ಮಳೆಗಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸು ಎದ್ದು ನಿಂತಿರುತ್ತದೆ. ಅದರ ಎಲೆಯ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ನೀರು ಹರಡುವುದಿಲ್ಲ. ಗುಂಡಗಾಗಿ, ಪಾದರಸದ ಹಾಗೆ ಅತ್ತಿತ್ತ ಓಡಾಡಿ, ಎಲೆ ಬಗ್ಗಿಸಿದರೆ ಉರುಳಿ ಬಿದ್ದುಹೋಗುತ್ತದೆ. ನೀರಿದ್ದ ಜಾಗ ಒದ್ದೆಯೇ ಆಗಿರುವುದಿಲ್ಲ. ಈಗ ಅದೇ ಎಲೆಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ. ಅದು ಉರುಳುವುದಿಲ್ಲ, ಬಿದ್ದಲ್ಲೇ ಅಂಟಿಕೊಳ್ಳುತ್ತದೆ.

ಈ ಪ್ರಯೋಗವನ್ನು ನಾವು ಮಾಡಿ ನೋಡಿದ್ದು ಒಂದು ವಿಡಿಯೊದ ದೆಸೆಯಿಂದ. ನಿಮ್ಮ ಮೊಬೈಲಿಗೂ ಅದು ಬಂದಿರಬಹುದು. ಲೋಹದ ಒಂದು ಚಿಕ್ಕ ತಗಡು, ಅದರ ಮೇಲೆ ಕಪ್ಪಗಿನ ಒಂದು ಚೌಕ. ಮೇಲಿನಿಂದ ಬಿದ್ದ ನೀರಿನ ಹನಿ ರಬ್ಬರ್ ಚೆಂಡಿನಂತೆ ಪುಟಿದು ಹೊರಗೆ ಹಾರುತ್ತದೆ. "ಇದು ನಿಜವೋ, ಗ್ರಾಫಿಕ್ಸೋ?" ಎಂದು ಕೆಲವು ಓದುಗರು ಕೇಳಿದ್ದರು. ಒಬ್ಬರು ಕಳಿಸಿದ್ದರಲ್ಲಿ "ನೀರು, ಎಣ್ಣೆ ಎರಡೂ ಅಂಟದ ಲೇಸರ್ ಲೋಹ" ಎಂಬ ಬರಹವೂ ಇತ್ತು.

ವಿಡಿಯೊ ನಿಜ. ಅದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೊಚೆಸ್ಟರ್ ವಿಶ್ವವಿದ್ಯಾಲಯದ್ದು, 2015ರ ಜನವರಿಯಲ್ಲಿ ಹೊರಬಂದದ್ದು. ಆದರೆ ಅದರಲ್ಲಿ ಪುಟಿಯುವುದು ನೀರು ಮಾತ್ರ. ಎಣ್ಣೆಯ ಕಥೆ ಬೇರೆಯೇ ಇದೆ, ಆ ಕಥೆಯಲ್ಲಿ ಸತ್ತ ದನಗಳಿವೆ. ಅದಕ್ಕೇ ಎರಡನ್ನೂ ಸೇರಿಸಿ ಬರೆಯಬೇಕೆನಿಸಿತು.

ಮೊದಲು ನೀರು ಯಾಕೆ ಗುಂಡಗಾಗುತ್ತದೆ ಎನ್ನುವುದನ್ನು ನೋಡಿಬಿಡೋಣ. ನೀರಿನ ಕಣಗಳಿಗೆ ತಮ್ಮತಮ್ಮಲ್ಲೇ ಸೆಳೆತ ಹೆಚ್ಚು. ಇದನ್ನು ಶಾಲೆಯ ಪುಸ್ತಕದಲ್ಲಿ ಮೇಲ್ಮೈ ಎಳೆತ ಎನ್ನುತ್ತಾರೆ. ನೀರಿನ ಎಳೆತ 72 ಎಂದಿಟ್ಟುಕೊಂಡರೆ ಅಡುಗೆ ಎಣ್ಣೆಗಳದ್ದು 30ರ ಆಸುಪಾಸು. ನೀರು ತನ್ನವರ ಜೊತೆಗೇ ಇರಲು ಬಯಸುತ್ತದೆ, ಎಣ್ಣೆ ಸಿಕ್ಕಿದವರ ಹೆಗಲ ಮೇಲೆ ಕೈ ಹಾಕುತ್ತದೆ. ಹನಿಯ ಅಂಚು ನೆಲದ ಜೊತೆ ಮಾಡುವ ಕೋನವನ್ನು ನೋಡಿ ಇದನ್ನು ಅಳೆಯಬಹುದು ಎಂದು ಲಂಡನ್ನಿನ ವೈದ್ಯ ಥಾಮಸ್ ಯಂಗ್ 1805ರಲ್ಲಿ ಬರೆದರು. ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ಹನಿ ಹರಡಿಕೊಳ್ಳುತ್ತದೆ, ಹೆಚ್ಚಿದ್ದರೆ ಗುಂಡಗಾಗುತ್ತದೆ. 150 ದಾಟಿತೆಂದರೆ ಹನಿ ನಿಲ್ಲುವುದೇ ಕಷ್ಟ, ಉರುಳಿಹೋಗುತ್ತದೆ.

ಇಲ್ಲೊಂದು ಗೋಡೆ ಇದೆ. ನುಣುಪಾದ ಮೇಲ್ಮೈಗೆ ಯಾವ ರಾಸಾಯನಿಕ ಬಳಿದರೂ ನೀರಿನ ಕೋನ ಸುಮಾರು 120 ಡಿಗ್ರಿ ದಾಟುವುದಿಲ್ಲ. ಅದರಾಚೆಗೆ ಹೋಗಲು ನುಣುಪನ್ನೇ ಬಿಡಬೇಕು. 1936ರಲ್ಲಿ ಅಮೆರಿಕದ ರಾಬರ್ಟ್ ವೆಂಜಲ್ ಮೇಲ್ಮೈಯ ಒರಟುತನವನ್ನು ಲೆಕ್ಕಕ್ಕೆ ತಂದರು. 1944ರಲ್ಲಿ ಇಂಗ್ಲೆಂಡಿನಲ್ಲಿ ಉಣ್ಣೆ ಬಟ್ಟೆಯ ಸಂಶೋಧನೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಾತುಕೋಳಿಯ ಗರಿ ನೆನೆಯದಿರುವುದಕ್ಕೆ ಕಾರಣ ಯಾವುದೋ ಅಪರೂಪದ ಎಣ್ಣೆಯಲ್ಲ, ಗರಿಯ ಹೆಣಿಗೆ ಎಂದರು. ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಹನಿ ಕೂರುವುದು ಹೆಚ್ಚಾಗಿ ಆ ಗಾಳಿಯ ಮೇಲೆ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ತಮ್ಮದೇ ಹಬೆಯ ಮೇಲೆ ತೇಲಿ ಕುಣಿಯುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಇಲ್ಲಿ ಹಬೆಯ ಬದಲು ತಣ್ಣನೆಯ ಗಾಳಿ, ಅಷ್ಟೆ.

ಅಂದರೆ ಆಕಾರ ಸಾಕು, ವಿಶೇಷ ರಾಸಾಯನಿಕ ಬೇಡ ಎಂಬ ಸುಳಿವು 1944ರಲ್ಲೇ ಸಿಕ್ಕಿತ್ತು. ಆದರೆ ಅಷ್ಟು ಸಣ್ಣ ಆಕಾರವನ್ನು ಕೆತ್ತುವ ಉಳಿ ಆಗ ಯಾರ ಕೈಯಲ್ಲೂ ಇರಲಿಲ್ಲ. ಕೈಗಾರಿಕೆ ಹಿಡಿದದ್ದು ಇನ್ನೊಂದು ದಾರಿಯನ್ನು.

ಆ ದಾರಿ ಶುರುವಾದದ್ದು 1938ರ ಏಪ್ರಿಲ್ 6ರಂದು. ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್, ಫ್ರಿಜ್ಜಿಗೆ ಬೇಕಾದ ಅನಿಲದ ಕೆಲಸದಲ್ಲಿದ್ದಾಗ ಒಂದು ಸಿಲಿಂಡರಿನಿಂದ ಅನಿಲ ಬರಲಿಲ್ಲ. ತೂಕ ನೋಡಿದರೆ ಖಾಲಿಯಾಗಿರಲಿಲ್ಲ. ಕೊಯ್ದು ನೋಡಿದಾಗ ಒಳಗೆ ಬಿಳಿ ಪುಡಿ ಗಟ್ಟಿಯಾಗಿ ಕುಳಿತಿತ್ತು. ಅದೇ ಟೆಫ್ಲಾನ್, ನಾನ್‌ಸ್ಟಿಕ್ ತವಾದ ಹೊದಿಕೆ. ಹದಿನೈದು ವರ್ಷದ ನಂತರ, 1953ರಲ್ಲಿ, 3ಎಂ ಕಂಪನಿಯಲ್ಲಿ ವಿಮಾನದ ಇಂಧನ ಕೊಳವೆಗೆ ರಬ್ಬರ್ ಹುಡುಕುತ್ತಿದ್ದ ಪ್ಯಾಟ್ಸಿ ಶೆರ್ಮನ್ ಅವರ ಪ್ರಯೋಗಾಲಯದಲ್ಲಿ ಒಂದು ದ್ರವ ಸಹಾಯಕಿಯ ಕ್ಯಾನ್‌ವಾಸ್ ಶೂ ಮೇಲೆ ಚೆಲ್ಲಿತು. ತೊಳೆದರೂ ಹೋಗಲಿಲ್ಲ. ದಿನ ಕಳೆದಂತೆ ಶೂ ಕೊಳೆಯಾಯಿತು, ಆ ಚುಕ್ಕೆಗಳು ಮಾತ್ರ ಹೊಸದರಂತೆ ಉಳಿದವು. ನೀರೂ ಹಿಡಿಯುತ್ತಿರಲಿಲ್ಲ, ಎಣ್ಣೆಯೂ ಹಿಡಿಯುತ್ತಿರಲಿಲ್ಲ. ಶೆರ್ಮನ್ ಮತ್ತು ಸಹೋದ್ಯೋಗಿ ಸ್ಯಾಮ್ಯುಯೆಲ್ ಸ್ಮಿತ್ ಅದನ್ನು ಸ್ಕಾಚ್‌ಗಾರ್ಡ್ ಮಾಡಿದರು. ಬಟ್ಟೆ, ಸೋಫಾ, ಜಮಖಾನೆಗಳ ಮೇಲೆ ಸಿಂಪಡಿಸುವ ಕಲೆನಿರೋಧಕ ಅದು.

ಎರಡರ ಗುಟ್ಟೂ ಒಂದೇ, ಫ್ಲೋರಿನ್. ಇಂಗಾಲಕ್ಕೆ ಫ್ಲೋರಿನ್ ಸೇರಿದ ಕೊಂಡಿ ಎಷ್ಟು ಬಿಗಿ ಎಂದರೆ ಅದಕ್ಕೆ ಬೇರೆ ಯಾರ ಸಹವಾಸವೂ ಬೇಡ. ಎಲ್ಲರ ಹೆಗಲಿಗೂ ಕೈ ಹಾಕುವ ಎಣ್ಣೆಯನ್ನೂ ಅದು ಹತ್ತಿರ ಸೇರಿಸುವುದಿಲ್ಲ. ಆ ಬಿಗಿಯಿಂದಲೇ ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೀರಿನಲ್ಲಿ ಕರಗಿ ಇಲ್ಲವಾಗುವುದಿಲ್ಲ. ಎಣ್ಣೆ ಅಂಟದಿರುವುದಕ್ಕೆ ಏನು ಕಾರಣವೋ, ಭೂಮಿಯಿಂದ ಅದು ತೊಲಗದಿರುವುದಕ್ಕೂ ಅದೇ ಕಾರಣ.

ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಊರಿನ ಹತ್ತಿರ ವಿಲ್ಬರ್ ಟೆನೆಂಟ್ ಎಂಬ ದನಗಾಹಿ ರೈತರಿದ್ದರು. ಮನೆತನದ ಜಮೀನಿನಲ್ಲಿ ಒಂದಷ್ಟನ್ನು ಡ್ಯುಪಾಂಟ್ ಕಂಪನಿ ಕೊಂಡು, ಅಲ್ಲಿ ಕಾರ್ಖಾನೆಯ ಕಸ ತುಂಬುವ ಜಾಗ ಮಾಡಿತು. ಆ ಕಡೆಯಿಂದ ಹರಿದು ಬರುವ ಹಳ್ಳದಲ್ಲಿ ಟೆನೆಂಟರ ದನಗಳು ನೀರು ಕುಡಿಯುತ್ತಿದ್ದವು. ದನಗಳು ಬಡಕಲಾದವು, ಬಾಯಲ್ಲಿ ನೊರೆ ಬಂತು, ಕರುಗಳು ಸತ್ತು ಹುಟ್ಟಿದವು. ಟೆನೆಂಟರ ಲೆಕ್ಕದಲ್ಲಿ ಸತ್ತದ್ದು ನೂರೈವತ್ತಕ್ಕೂ ಹೆಚ್ಚು. ಊರಿನಲ್ಲಿ ಬಹಳ ಜನಕ್ಕೆ ಆ ಕಂಪನಿಯೇ ಅನ್ನ ಕೊಡುತ್ತಿತ್ತು. ಅಲ್ಲಿಯ ವಕೀಲರು ಕೇಸು ಹಿಡಿಯಲಿಲ್ಲ. ಆ ರೈತ ವಿಡಿಯೊ ಕ್ಯಾಮೆರಾ ಹಿಡಿದು ಹಳ್ಳದ ನೊರೆಯನ್ನು, ಸತ್ತ ದನಗಳನ್ನು, ಅವುಗಳನ್ನು ಕೊಯ್ದು ಒಳಗಿನ ಅಂಗಗಳನ್ನು ತಾನೇ ಚಿತ್ರೀಕರಿಸಿದರು. ಪತ್ರಿಕೋದ್ಯಮ ಓದಿದ ನಮಗೆ ಈ ಭಾಗ ಓದುವಾಗ ಸ್ವಲ್ಪ ನಾಚಿಕೆಯಾಯಿತು. ಅವರಿಗೆ ಯಾವ ತರಬೇತಿಯೂ ಇರಲಿಲ್ಲ.

1998ರಲ್ಲಿ ಆ ಟೇಪುಗಳು ಸಿನ್ಸಿನಾಟಿಯ ವಕೀಲ ರಾಬ್ ಬಿಲಟ್ ಅವರ ಮೇಜಿಗೆ ಬಂದವು. ಅಲ್ಲಿಯವರೆಗೆ ಬಿಲಟ್ ರಾಸಾಯನಿಕ ಕಂಪನಿಗಳ ಪರ ಕೆಲಸ ಮಾಡುತ್ತಿದ್ದವರು. ಅಜ್ಜಿಯ ಊರು ಪಾರ್ಕರ್ಸ್‌ಬರ್ಗ್ ಆದ್ದರಿಂದ ಒಪ್ಪಿಕೊಂಡರು. 1999ರಲ್ಲಿ ದಾವೆ ಹೂಡಿದರು. ಕಂಪನಿಯಿಂದ ಬಂದ ಕಡತಗಳ ರಾಶಿಯಲ್ಲಿ ಸಿಕ್ಕಿದ ಹೆಸರು ಪಿಎಫ್‌ಒಎ, ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ವಸ್ತು. ಆಮೇಲೆ ಸುತ್ತಲಿನ ಊರುಗಳ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ ಸೇರಿದಂತೆ ಆರು ರೋಗಗಳಿಗೂ ಈ ವಸ್ತುವಿಗೂ ಸಂಬಂಧ ಇರುವ ಸಂಭವವಿದೆ ಎಂದು ವಿಜ್ಞಾನಿಗಳ ಸಮಿತಿ ಹೇಳಿತು. 2017ರಲ್ಲಿ ಸುಮಾರು 3,550 ಕೇಸುಗಳನ್ನು ಮುಗಿಸಲು 67.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಟೆನೆಂಟ್ ಅದನ್ನು ನೋಡಲಿಲ್ಲ, ಅವರು 2009ರಲ್ಲೇ ತೀರಿಕೊಂಡಿದ್ದರು.

ಇತ್ತ 3ಎಂ ಕಂಪನಿ 2000ದ ಮೇ ತಿಂಗಳಲ್ಲಿ ಸ್ಕಾಚ್‌ಗಾರ್ಡಿನ ಮೂಲವಸ್ತುವಿನ ತಯಾರಿಕೆ ನಿಲ್ಲಿಸುವುದಾಗಿ ಸಾರಿತ್ತು. ಸ್ಟಾಕ್‌ಹೋಮ್ ಒಪ್ಪಂದದ ಅಪಾಯಕಾರಿ ವಸ್ತುಗಳ ಪಟ್ಟಿಗೆ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು.

ಈ ಹಿನ್ನೆಲೆ ಇಟ್ಟುಕೊಂಡು ನೋಡಿದರೆ ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಥ್‌ಲಾಟ್ ಅವರ ಕೆಲಸದ ಬೆಲೆ ತಿಳಿಯುತ್ತದೆ. 1970ರ ದಶಕದಲ್ಲಿ ಅವರು ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನೋಡುವ ಮೊದಲು ಎಲೆ ತೊಳೆದು ಧೂಳು ತೆಗೆಯಬೇಕು. ಕೆಲವು ಎಲೆಗಳಿಗೆ ಮಾತ್ರ ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ವಿಚಿತ್ರವೆಂದರೆ ಬರಿಗಣ್ಣಿಗೆ ನುಣುಪಾಗಿ ಕಾಣುವ ಎಲೆಗಳೇ ಹೆಚ್ಚು ಕೊಳೆಯಾಗುತ್ತಿದ್ದವು, ಚೊಕ್ಕಟವಾಗಿ ಇರುತ್ತಿದ್ದದ್ದು ಒರಟು ಎಲೆಗಳು. 1997ರಲ್ಲಿ ಬಾರ್ಥ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹ್ಯೂಸ್ ಪ್ರಕಟಿಸಿದ ಪ್ರಬಂಧದಲ್ಲಿ ತಾವರೆ ಎಲೆಯ ಮೇಲೆ ಸಣ್ಣಸಣ್ಣ ದಿಬ್ಬಗಳು, ಆ ದಿಬ್ಬಗಳ ಮೇಲೆ ಮೇಣದ ಇನ್ನೂ ಸಣ್ಣ ಕಡ್ಡಿಗಳು ಇರುವುದನ್ನು ತೋರಿಸಿದರು. ಹನಿ ಕಡ್ಡಿಗಳ ತುದಿಯಲ್ಲಿ ನಿಲ್ಲುತ್ತದೆ, ಉರುಳುವಾಗ ಧೂಳನ್ನು ಹೊತ್ತುಕೊಂಡು ಹೋಗುತ್ತದೆ. ಅವರು ಪರೀಕ್ಷಿಸಿದ ಗಿಡಗಳಲ್ಲಿ ನಮ್ಮ ಬಚ್ಚಲ ಹಿಂದಿನ ಕೆಸುವೂ ಇತ್ತು.

ತಾವರೆ ಎಲೆಯ ಮೇಲಿನ ನೀರಿನ ಮಾತು ಭಗವದ್ಗೀತೆಯಲ್ಲೂ ಇದೆ, ಅಜ್ಜಿಯರ ಬಾಯಲ್ಲೂ ಇದೆ. ಹಾಗೆಂದು "ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು" ಎಂದು ಫಾರ್ವರ್ಡ್ ಮಾಡಬೇಡಿ. ನೀರು ಅಂಟುವುದಿಲ್ಲ ಎಂಬುದು ಗೊತ್ತಿತ್ತು. ಯಾಕೆ ಎಂಬುದನ್ನು ಕಾಣಲು ಆ ಸೂಕ್ಷ್ಮದರ್ಶಕವೇ ಬೇಕಾಯಿತು.

ಇನ್ನು ಉಳಿ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಕು ಹೊರಡಿಸಿದರು. ಐದು ವರ್ಷದ ನಂತರ ಮಿಲ್ಟನ್ ಬರ್ನ್‌ಬಾಮ್ ಎಂಬ ವಿಜ್ಞಾನಿ ಮಾಣಿಕ್ಯದ ಲೇಸರ್ ಬಡಿದ ಅರೆವಾಹಕದ ತುಂಡುಗಳ ಮೇಲೆ ಒಂದೇ ಅಂತರದ ಸಾಲುಸಾಲು ಗೆರೆಗಳನ್ನು ಕಂಡು ವರದಿ ಮಾಡಿದರು. ನೇಗಿಲು ಹೊಡೆದ ಹೊಲದಂತೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣವು. ಅವರ ಬರಹದ ತಲೆಬರಹದಲ್ಲಿ ಇದ್ದ ಪದ "ಹಾನಿ". ಲೇಸರ್ ಬಡಿದು ಮೇಲ್ಮೈ ಕೆಟ್ಟಿತು ಎಂದಷ್ಟೇ ಅದರ ಅರ್ಥ. ಆ ಹಾನಿಯೇ ಮುಂದೆ ಕುಸುರಿಯಾಯಿತು.

ಆದರೆ ಆ ಕಾಲದ ಲೇಸರ್ ಲೋಹವನ್ನು ಕರಗಿಸಿಬಿಡುತ್ತಿತ್ತು. 1985ರಲ್ಲಿ ರೊಚೆಸ್ಟರ್‌ನಲ್ಲಿ ಜೆರಾರ್ಡ್ ಮೂರೂ ಮತ್ತು ಅವರ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಒಂದು ಉಪಾಯ ಕಂಡುಹಿಡಿದರು. ಬೆಳಕಿನ ಒಂದು ಮಿಡಿತವನ್ನು ಮೊದಲು ಉದ್ದಕ್ಕೆ ಎಳೆದು, ಬಲ ತುಂಬಿ, ಮತ್ತೆ ಒತ್ತಿ ಚಿಕ್ಕದು ಮಾಡುವುದು. 2018ರ ನೊಬೆಲ್ ಇದಕ್ಕೇ ಬಂತು. ಇದರಿಂದ ಫೆಮ್ಟೊಸೆಕೆಂಡುಗಳ ಲೆಕ್ಕದಲ್ಲಿ ಬಲವಾದ ಏಟು ಕೊಡುವ ಲೇಸರ್ ಕೈಗೆ ಬಂತು. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವುದು ಒಂದು ಫೆಮ್ಟೊಸೆಕೆಂಡು. ಒಲೆಯಿಂದ ಜಾರಿದ ಕೆಂಡವನ್ನು ಅಮ್ಮ ಬರಿಗೈಯಲ್ಲಿ ಚಕ್ಕನೆ ಎತ್ತಿ ಒಳಗೆ ಹಾಕುವುದನ್ನು ನೋಡಿದ್ದೀರಿ. ಕಾವು ಬೆರಳಿಗೆ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ಇಲ್ಲಿಯೂ ಕಾವು ಪಕ್ಕಕ್ಕೆ ಹರಿಯುವ ಮೊದಲೇ ಏಟು ಬಿದ್ದ ಕಡೆಯ ಲೋಹ ಆವಿಯಾಗಿ ಹಾರಿಹೋಗುತ್ತದೆ. ಸುತ್ತಲಿನದ್ದು ಹೆಚ್ಚು ಕರಗುವುದಿಲ್ಲ, ಕೆತ್ತನೆ ಉಳಿಯುತ್ತದೆ.

ಅದೇ ರೊಚೆಸ್ಟರ್‌ನಲ್ಲಿ ಚುನ್‌ಲೈ ಗುವೊ ಮತ್ತು ಅನಟೊಲಿ ವೊರೊಬ್ಯೊವ್ ಈ ಉಳಿ ಹಿಡಿದು 2006ರಲ್ಲಿ ಲೋಹವನ್ನು ಕಪ್ಪಾಗಿಸಿದರು, 2008ರಲ್ಲಿ ಬಣ್ಣ ಬಣ್ಣ ಮಾಡಿದರು. ಬಣ್ಣ ಬಳಿದದ್ದಲ್ಲ, ಗೆರೆಗಳಿಂದಲೇ ಬಂದ ಬಣ್ಣ. 2009ರಲ್ಲಿ ನೀರು ತಾನಾಗಿಯೇ ಮೇಲಕ್ಕೆ ಏರುವ ಲೋಹ ಮಾಡಿದರು, ಅಂದರೆ ನೀರನ್ನು ಓಡಿಸುವುದಲ್ಲ, ಕುಡಿಯುವ ಲೋಹ. ಆ ಮೇಲೆ 2015ರ ತಗಡು: ಪ್ಲಾಟಿನಂ, ಟೈಟಾನಿಯಂ ಮತ್ತು ಹಿತ್ತಾಳೆ. ಟೆಫ್ಲಾನ್ ಮೇಲಿನ ನೀರು ಜಾರಬೇಕಾದರೆ ಅದನ್ನು ಸುಮಾರು 70 ಡಿಗ್ರಿ ಓರೆ ಮಾಡಬೇಕು, ಈ ತಗಡಿಗೆ 5 ಡಿಗ್ರಿಯೂ ಬೇಡ ಎಂದು ಅವರು ತೋರಿಸಿದರು. ಹಣ ಕೊಟ್ಟವರು ಅಮೆರಿಕದ ವಾಯುಪಡೆ ಮತ್ತು ಗೇಟ್ಸ್ ಪ್ರತಿಷ್ಠಾನ. ಬಡ ದೇಶಗಳಲ್ಲಿ ಮಳೆನೀರು ಸಂಗ್ರಹಿಸಲು, ಕಡಿಮೆ ನೀರಲ್ಲಿ ಶೌಚಾಲಯ ಶುಚಿಯಾಗಿಡಲು ಇದು ಬರಬಹುದು ಎಂಬ ಆಸೆಯನ್ನು ಗುವೊ ಆಗಲೇ ಹೇಳಿದ್ದರು.

ಆ ಆಸೆಯ ಜೊತೆಗೆ ಅವರೇ ಕೊಟ್ಟ ಇನ್ನೊಂದು ಲೆಕ್ಕವನ್ನೂ ಓದಬೇಕು. ಒಂದು ಇಂಚು ಉದ್ದ, ಒಂದು ಇಂಚು ಅಗಲದ ತಗಡು ಕೆತ್ತಲು ಆಗ ಒಂದು ಗಂಟೆ ಹಿಡಿಯುತ್ತಿತ್ತು. ಒಂದು ಅಡಿ ಚೌಕಕ್ಕೆ 144 ಗಂಟೆ, ಹಗಲೂ ರಾತ್ರಿ ಸೇರಿ ಆರು ದಿನ. ಆಮೇಲೆ ವೇಗ ಹೆಚ್ಚಿಸುವ ಪ್ರಯತ್ನಗಳು ಯುರೋಪಿನಲ್ಲೂ ನಡೆದಿವೆ. ಆದರೆ ಶೌಚಾಲಯದ ಬೇಸಿನ್ ಮೇಲೆ ಬೀಳುವುದು ಬರೀ ನೀರಲ್ಲ. ಬ್ರಶ್ ಬೀಳುತ್ತದೆ, ಆ್ಯಸಿಡ್ ಬೀಳುತ್ತದೆ. ಕೂದಲೆಳೆಗಿಂತ ಸಣ್ಣ ಕಡ್ಡಿಗಳು ಉಜ್ಜಿದರೆ ಸವೆಯುತ್ತವೆ. ಕೆಸುವಿನ ಎಲೆಗೆ ಆ ಚಿಂತೆ ಇಲ್ಲ, ಹಳೆಯ ಎಲೆ ಹೋದರೆ ಹೊಸ ಎಲೆ ಬರುತ್ತದೆ.

ಇನ್ನೊಂದು ಒಳಗುಟ್ಟು 2009ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆನೆ ಕೀಟ್ಸಿಗ್ ಮತ್ತು ಸಂಗಡಿಗರ ಪ್ರಬಂಧದಲ್ಲಿತ್ತು. ಲೇಸರಿನಿಂದ ಆಗಷ್ಟೇ ಕೆತ್ತಿದ ಲೋಹ ನೀರನ್ನು ಓಡಿಸುವುದಿಲ್ಲ, ಹೀರಿಕೊಳ್ಳುತ್ತದೆ! ಗಾಳಿಯಲ್ಲಿ ಹಾಗೇ ಬಿಟ್ಟರೆ ದಿನ ಕಳೆದಂತೆ ನಿಧಾನಕ್ಕೆ ನೀರು ಅಂಟದಂತಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಅಂಶ ಅದರ ಮೇಲೆ ತೆಳ್ಳಗೆ ಕೂರುವುದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಆಕಾರ ಲೇಸರಿನದು, ಮೇಣ ಗಾಳಿ ಕೊಟ್ಟದ್ದು. ಇಷ್ಟಾದರೂ ಫ್ಲೋರಿನ್ ಬೇಡವಾಯಿತಲ್ಲ, ನಮ್ಮ ಮಟ್ಟಿಗೆ ಅದೇ ದೊಡ್ಡದು.

ಎಣ್ಣೆಗೆ ಮಾತ್ರ ಇಷ್ಟು ಸಾಲದು. ಎಣ್ಣೆ ಕಡ್ಡಿಗಳ ಸಂದಿಗೆ ಇಳಿದುಬಿಡುತ್ತದೆ. 2007ರಲ್ಲಿ ಅಮೆರಿಕದ ಎಂಐಟಿಯ ಅನೀಶ್ ತುತೇಜಾ, ರಾಬರ್ಟ್ ಕೋಹೆನ್, ಗ್ಯಾರೆತ್ ಮೆಕಿನ್ಲೆ ಮತ್ತು ಜೊತೆಯವರು, ಕಡ್ಡಿಗೆ ತಲೆ ಇರಬೇಕು ಎಂಬುದನ್ನು ತೋರಿಸಿದರು. ಮೊಳೆಯ ತಲೆಯಂತೆ, ಅಣಬೆಯ ಕೊಡೆಯಂತೆ, ಮನೆಯ ಸೂರಿನಂತೆ ಅಂಚು ಹೊರಚಾಚಿದ್ದರೆ ಎಣ್ಣೆ ಅಲ್ಲಿಯೇ ತಡೆದು ನಿಲ್ಲುತ್ತದೆ. 2014ರಲ್ಲಿ ಲಾಸ್ ಏಂಜಲಿಸ್‌ನ ಲಿಯು ಮತ್ತು ಕಿಮ್ ಆ ಸೂರಿನ ಅಂಚನ್ನು ಮತ್ತೊಮ್ಮೆ ಕೆಳಕ್ಕೆ ಮಡಿಚಿ, ಯಾವ ಲೇಪನವೂ ಇಲ್ಲದೆ ಎಲ್ಲ ಬಗೆಯ ದ್ರವವನ್ನೂ ನಿಲ್ಲಿಸಿದರು. ಆದರೆ ಅದನ್ನು ಮಾಡಿದ್ದು ಕಂಪ್ಯೂಟರ್ ಚಿಪ್ಪು ಮಾಡುವ ದುಬಾರಿ ವಿಧಾನದಲ್ಲಿ. ಲೇಸರ್ ಮೇಲಿನಿಂದ ಬಡಿಯುವ ಉಳಿ, ಸೂರಿನ ಅಡಿಯನ್ನು ಕೆತ್ತುವುದು ಅದಕ್ಕೆ ಕಷ್ಟ. ಹಾಗಾಗಿ "ಲೇಸರಿನಿಂದ ಎಣ್ಣೆ ಅಂಟದ ಮೇಲ್ಮೈ" ಎಂಬ ಹೆಚ್ಚಿನ ಪ್ರಯೋಗಗಳಲ್ಲಿ ಲೇಸರ್ ಕೆತ್ತಿದ ಮೇಲೆ ತಗಡನ್ನು ಫ್ಲೋರಿನ್ ಇರುವ ದ್ರವದಲ್ಲಿ ಅದ್ದಿರುತ್ತಾರೆ. ಮುಂಬಾಗಿಲಿನಿಂದ ಕಳಿಸಿದ್ದು ಹಿತ್ತಿಲಿನಿಂದ ಬಂತು. ಇಂಥ ವಿಡಿಯೊ ನೋಡಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಕೆತ್ತಿದ ಮೇಲೆ ಯಾವುದರಲ್ಲಿ ಅದ್ದಿದಿರಿ?

ಅದ್ದದೆಯೂ ಆಗುವ ಒಂದು ದಾರಿ ಇದೆ, ಅದು ನೀರಿನೊಳಗೆ. ಮೀನಿನ ಮೈಗೆ ನೀರೊಳಗೆ ಎಣ್ಣೆ ಹಿಡಿಯುವುದಿಲ್ಲ ಎಂಬುದನ್ನು 2009ರಲ್ಲಿ ಬೀಜಿಂಗ್‌ನ ಲೀ ಜಿಯಾಂಗ್ ಅವರ ತಂಡ ಬಿಡಿಸಿ ಹೇಳಿತು. ಮೀನಿನ ಹುರುಪೆ ನೀರನ್ನು ಓಡಿಸುವುದಿಲ್ಲ, ಅಪ್ಪಿ ಹಿಡಿಯುತ್ತದೆ. ಆ ನೀರಿನ ಪದರವೇ ಎಣ್ಣೆಯನ್ನು ದೂರ ಇಡುತ್ತದೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲವಲ್ಲ, ಇಲ್ಲಿ ಎಣ್ಣೆಯ ಜಾಗದಲ್ಲಿ ನೀರು. ಚೀನಾದ ಷಿಯಾನ್ ಜಿಯಾವೊಟಾಂಗ್ ವಿಶ್ವವಿದ್ಯಾಲಯದ ಫೆಂಗ್ ಚೆನ್, ಜಿಯಾಲೆ ಯೊಂಗ್ ಮತ್ತು ಸಂಗಡಿಗರು ಫೆಮ್ಟೊಸೆಕೆಂಡ್ ಲೇಸರಿನಿಂದ ಗಾಜು, ಸಿಲಿಕಾನ್‌ಗಳನ್ನು ಹೀಗೆ ಒರಟು ಮಾಡಿದರು. ಅವು ನೀರು ಕುಡಿದು ಕುಳಿತವು, ನೀರಿನಡಿಯಲ್ಲಿ ಎಣ್ಣೆ ಗೋಲಿಯಂತೆ ಉರುಳಿತು. ಮುಂದೆ ಸಣ್ಣ ತೂತುಗಳಿರುವ ಹಾಳೆಗಳನ್ನೂ ಲೇಸರಿನಿಂದ ಮಾಡಿದರು. ಹಾಳೆಯನ್ನು ಮೊದಲು ನೀರಿನಿಂದ ನೆನೆಸಿ, ಎಣ್ಣೆ ಬೆರೆತ ನೀರನ್ನು ಮೇಲಿನಿಂದ ಸುರಿದರೆ ನೀರು ಕೆಳಗೆ ಸೋರುತ್ತದೆ, ಎಣ್ಣೆ ಮೇಲೆಯೇ ಉಳಿಯುತ್ತದೆ.

ಕೆಸುವಿನ ಎಲೆ ಸಿಕ್ಕರೆ ನೀರು, ಎಣ್ಣೆ ಎರಡನ್ನೂ ಹಾಕಿ ವಿಡಿಯೊ ಮಾಡಿ ಕಳಿಸಿ. ಮುಟ್ಟಿದ ಮೇಲೆ ಕೈ ತುರಿಸಿದರೆ ಹುಣಸೆಹಣ್ಣು ಹಚ್ಚಿಕೊಳ್ಳಿ.